ಬಾಕಿ ಉಳಿದ ಕೂಗು

ವಾರದ ದಿನಗಳಲ್ಲಿ ಬ್ರೇಕಕ್ಕನ ಬಾಯಿಂದ ಒಂದು ಜೋರು ಮಾತು ಹೊರಡುವುದಿಲ್ಲ ಅಂದರೆ, ಆಟದ ದಿನ ಅವಳನ್ನು ಕಂಡವರು ಯಾರೂ ನಂಬುವುದಿಲ್ಲ. ಡ್ರೈವಿಂಗ್ ಕಲಿಸುವುದು ಅವಳ ಕಸುಬು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಗೆ ಹಾಕಿಸಿಕೊಂಡ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟು, ಎದುರಿಗೆ ಲಾರಿ ಬಂದರೂ "ನಿಧಾನ, ನಿಧಾನ, ಏನೂ ಆಗಲ್ಲ" ಅನ್ನುವ ಹೆಂಗಸು. ಊರಿನ ಅರ್ಧ ಜನ ಅವಳ ಹತ್ತಿರವೇ ಸ್ಟೇರಿಂಗ್ ಹಿಡಿಯೋದು ಕಲಿತವರು. ಬ್ರೇಕಕ್ಕ ಅನ್ನುವ ಹೆಸರೇ ನಿಂತುಬಿಟ್ಟಿದೆ. ಅವಳ ಅಮ್ಮ ಕೂಡ ಕೊನೆಕೊನೆಗೆ ಹಾಗೇ ಕರೆಯುತ್ತಿದ್ದಳಂತೆ.

ಆದರೆ ಭಾನುವಾರ ಬರಲಿ, ಊರಿನ ಫುಟ್ಬಾಲ್ ತಂಡ ಮೈದಾನಕ್ಕಿಳಿಯಲಿ, ಆಗ ನೋಡಿ. ಒಂದು ಗೋಲಿನ ಹಿಂದೆ ತಗಡು ಗ್ಯಾಲರಿ ಇದೆ. ಮೇಲೂ ತಗಡು, ಬೆನ್ನಿಗೂ ತಗಡು. ಬ್ರೇಕಕ್ಕ ಮುಂದಿನ ಸಾಲಿನಲ್ಲಿ ಆಟಕ್ಕೆ ಬೆನ್ನು ಹಾಕಿ, ಜನರಿಗೆ ಮುಖ ಮಾಡಿ ನಿಂತು ಕೈ ಎತ್ತಿದಳೆಂದರೆ ಸಾಕು, ಎಲ್ಲರೂ ಹಿಮ್ಮಡಿಯಿಂದ ತಗಡಿಗೆ ಒದೆಯುತ್ತಾ "ಹೋ" ಅಂತ ಶುರು ಮಾಡುತ್ತಾರೆ. ಹೊರಗಿನ ತಂಡದ ಹುಡುಗರಿಗೆ ಪಕ್ಕದಲ್ಲಿ ಓಡುತ್ತಿರುವ ತಮ್ಮವನ ಮಾತೇ ಕೇಳಿಸುವುದಿಲ್ಲ. ಇಲ್ಲಿ ಬಂದು ಗೆದ್ದು ಹೋಗುವುದು ಸುಮ್ಮನೆ ಮಾತಲ್ಲ ಅಂತ ಸುತ್ತಮುತ್ತಲಿನ ಊರುಗಳೆಲ್ಲ ಒಪ್ಪಿಕೊಂಡಿವೆ. ಅದಕ್ಕೇ ನಮ್ಮ ತಂಡದ್ದು ಒಂದು ಪದ್ಧತಿ: ಮೊದಲರ್ಧದಲ್ಲಿ ಆ ಕಡೆ, ಶಾಲೆ ಪಕ್ಕದ ಗೋಲಿಗೆ ನುಗ್ಗುವುದು, ಎರಡನೇ ಅರ್ಧದಲ್ಲಿ ಈ ಕಡೆ, ತಗಡು ಗ್ಯಾಲರಿಯ ಗೋಲಿಗೆ. ಟಾಸ್ ಗೆದ್ದ ಹೊರಗಿನವರೂ ಅದನ್ನು ಬದಲಿಸುವ ಗೋಜಿಗೆ ಹೋದದ್ದಿಲ್ಲ.

ಇನ್ನೊಂದು ನಿಯಮವಿತ್ತು. ಅದು ಬ್ರೇಕಕ್ಕನೇ ತಂದದ್ದು, ಅವಳ ಕಸುಬಿನಿಂದ ಬಂದದ್ದು. ಏರಿನಲ್ಲಿ ನಿಂತ ಕಾರನ್ನು ಹಿಂದಕ್ಕೆ ಜಾರದ ಹಾಗೆ ಮುಂದಕ್ಕೆ ಎತ್ತಬೇಕಲ್ಲ, ಆಗ ಪಕ್ಕದಲ್ಲಿ ಕೂತವರು ತುಟಿ ಪಿಟಕ್ಕನ್ನಬಾರದು. ಕಲಿಯುವವರ ಜೀವವೆಲ್ಲ ಕಾಲಿಗೆ ಇಳಿದಿರುತ್ತದೆ, ಕಿವಿಗೆ ಕೆಲಸ ಕೊಡಬಾರದು. ಪೆನಾಲ್ಟಿ ಅಂದರೂ ಇದೇ ಅಲ್ಲವೇ ಅಂದುಕೊಂಡಳು. ಅಲ್ಲಿಂದ ಮುಂದೆ ಎದುರಾಳಿ ಪೆನಾಲ್ಟಿ ಒದೆಯುವಾಗ ಆಕಾಶ ಕಳಚಿ ಬೀಳಬೇಕು, ನಮ್ಮವನು ಒದೆಯುವಾಗ ನೊಣ ಹಾರಿದರೂ ಕೇಳಿಸಬೇಕು. ಅಂಗೈ ಕೆಳಗಿಳಿಸಿದಳೋ, ಇಡೀ ಗ್ಯಾಲರಿ ಗಪ್‌ಚಿಪ್. ಈ ಮೌನದ ಬಗ್ಗೆ ಪೇಪರಿನಲ್ಲಿ ಬರೆದರು. ಇದನ್ನೇ ನೋಡಲು ಬೇರೆ ಊರಿನವರು ಟಿಕೆಟ್ ಕೊಂಡು ಬಂದರು. ಅಷ್ಟು ಜನ ಒಟ್ಟಿಗೆ ಬಾಯಿ ಮುಚ್ಚಿಕೊಳ್ಳುವುದು ಯಾವ ಊರಿನಲ್ಲಿದೆ ಹೇಳಿ! ನಮ್ಮ ಮನೆಗಳಲ್ಲೇ ಇಲ್ಲ.

ಆದರೂ ಈ ವರ್ಷ ನಮ್ಮ ಕ್ಯಾಪ್ಟನ್ ಊರಿನಲ್ಲೇ ಮೂರು ಪೆನಾಲ್ಟಿ ಹಾಳು ಮಾಡಿದ. ಫ್ರಿಜ್ ರಿಪೇರಿ ಮಾಡುವ ಹುಡುಗ, ಚಿನ್ನದಂಥ ಕಾಲು, ಬೇರೆ ಊರಿನಲ್ಲಿ ಕಣ್ಣು ಮುಚ್ಚಿ ಒದ್ದರೂ ಬಲೆಗೇ ಹೋಗುತ್ತದೆ. ಇಲ್ಲಿ ಮಾತ್ರ ಒಂದು ಕಂಬಕ್ಕೆ, ಒಂದು ಕೀಪರಿನ ಕೈಗೆ, ಒಂದು ಸೀದಾ ಆಕಾಶಕ್ಕೆ. ಜನ ಗೊಣಗಿದರು. ಬ್ರೇಕಕ್ಕ ಬಿಡಲಿಲ್ಲ. "ನಮ್ಮ ಕಡೆಯಿಂದಲೇ ಎಲ್ಲೋ ಸದ್ದಾಗಿದೆ" ಅಂದಳು. ಮುಂದಿನ ಸಲಕ್ಕೆ ಚಾಕೊಲೇಟ್ ಕಾಗದ ಬಂದ್, ಅಳುವ ಮಗು ಹೊರಗೆ. ಮೂರನೆಯದು ತಪ್ಪಿದಾಗ ಕೆಮ್ಮಿದ ಹಾಲಿನಂಗಡಿಯವನಿಗೆ ಗ್ಯಾಲರಿಯವರು ಎಷ್ಟೋ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಪಾಪ, ಅವನಿಗೆ ನೆಗಡಿ.

ಈಗ ಮುಖ್ಯವಾದ ಮಾತಿಗೆ ಬರೋಣ. ಇಡೀ ಊರಿನ ಬಾಯಿಗೆ ಬೀಗ ಹಾಕಿಸಿದ್ದು ಬ್ರೇಕಕ್ಕನ ಗಂಡ. ಕೈಗಡಿಯಾರ ರಿಪೇರಿ ಮಾಡುವ ಮನುಷ್ಯ, ಕಣ್ಣಿಗೆ ಕನ್ನಡಕದ ಮೇಲೊಂದು ಭೂತಗನ್ನಡಿ ಸಿಕ್ಕಿಸಿಕೊಂಡು ದಿನವಿಡೀ ಉಸಿರು ಬಿಗಿಹಿಡಿದು ಕೂರುವವನು, ಕಾಲಿಗೆ ಕುರ್ಚಿ ಎಡವಿದರೆ ಕುರ್ಚಿಗೇ ಸಾರಿ ಕೇಳುವ ಜೀವ. ಹಿಂದಿನ ಆಟದಲ್ಲಿ ಲೈನ್ಸ್‌ಮನ್ ಸುಳ್ಳುಸುಳ್ಳೇ ಬಾವುಟ ಎತ್ತಿ ನಮ್ಮ ಗೋಲು ರದ್ದು ಮಾಡಿಸಿದ. ಈ ಸಾಧು ಪ್ರಾಣಿಗೆ ಅದೇನು ಹೊಕ್ಕಿತೋ, ಕೈಯಲ್ಲಿದ್ದ ಟೀ ಫ್ಲಾಸ್ಕ್ ಬೀಸಿ ಎಸೆದುಬಿಟ್ಟ! ತಾಗಲಿಲ್ಲ, ಬಿಡಿ. ಲೈನ್ಸ್‌ಮನ್ನಿನ ಕಾಲುಚೀಲ ನೆನೆಯಿತು, ಅಷ್ಟೇ. ಆದರೆ ಲೀಗ್ ಕಮಿಟಿಯವರಿಗೆ ಅಷ್ಟು ಸಾಕಾಯಿತು. ಊರಿನಲ್ಲಿ ಉಳಿದಿರುವ ಕೊನೆಯ ಆಟ ಖಾಲಿ ಗ್ಯಾಲರಿಯಲ್ಲಿ ನಡೆಯಬೇಕು, ಒಬ್ಬ ಪ್ರೇಕ್ಷಕನೂ ಒಳಗೆ ಕಾಲಿಡಬಾರದು ಅಂತ ಆಜ್ಞೆ ಬಂತು. ಆ ಆಟ ಗೆಲ್ಲಲೇಬೇಕಿತ್ತು. ಡ್ರಾ ಆದರೂ ತಂಡ ಕೆಳಗಿನ ಲೀಗಿಗೆ. ಹಾಗೆ ಇಳಿದರೆ ಊರಿನ ಬಾಯಲ್ಲಿ ಒಂದೇ ಮಾತು ಉಳಿಯುವುದು: ತಂಡವನ್ನು ಇಳಿಸಿದ್ದು ಬ್ರೇಕಕ್ಕನ ಮನೆ. ಇಷ್ಟು ವರ್ಷ ಆ ತಗಡಿನ ಕೆಳಗೆ ತಲೆಯೆತ್ತಿ ನಿಂತವಳು ಅವಳು.

ಆಟದ ದಿನ ಬೆಳಿಗ್ಗೆ ಗಂಡ ಚಪ್ಪಲಿ ಹಾಕಿಕೊಳ್ಳಲಿಲ್ಲ. "ನೀನು ಹೋಗಿ ಬಾ. ನಾನು ಮನೆಯಲ್ಲೇ ಇರ್ತೀನಿ. ಜನರಿಗೆ ಯಾವ ಮುಖ ತೋರಿಸಲಿ?"

"ಇರೋದೊಂದೇ ಮುಖ, ಅದನ್ನೇ ತೋರಿಸಿ," ಅಂದಳು ಬ್ರೇಕಕ್ಕ. "ತಲೆ ತಗ್ಗಿಸೋದಾದ್ರೆ ಇಬ್ಬರೂ ಒಟ್ಟಿಗೇ ತಗ್ಗಿಸೋಣ. ಎದ್ದೇಳ್ರೀ."

"ಗೇಟಲ್ಲಿ ಬಿಡಲ್ಲವಲ್ಲ, ಎಲ್ಲಿಗೆ ಹೋಗೋದು?"

"ಒಳಗೆ ಬರಬೇಡಿ ಅಂದಿದ್ದಾರೆ. ಹೊರಗೆ ಉಸಿರಾಡಬೇಡಿ ಅಂದಿಲ್ಲ."

ತಗಡು ಗ್ಯಾಲರಿಯ ಹಿಂದೆ ಒಂದು ಓಣಿ ಇದೆ. ಈ ಕಡೆ ಮೈದಾನದ ಎತ್ತರದ ಗೋಡೆ, ಆ ಕಡೆ ಗುಜರಿ ಅಂಗಡಿ, ಸೈಕಲ್ ಶಾಪು, ಟೈಲರಿನ ಮನೆ. ಬ್ರೇಕಕ್ಕ ಒಬ್ಬೊಬ್ಬರಿಗೂ ಫೋನ್ ಮಾಡಿರಲಿಲ್ಲ, ನಾಲ್ಕು ಜನರಿಗೆ ಹೇಳಿದ್ದಳು ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಲಿನಂಗಡಿಯವನು ಖಾಲಿ ಕ್ಯಾನ್ ತಂದಿದ್ದ. ಗುಜರಿಯವನು ಅಂಗಡಿ ಬಾಗಿಲು ತೆಗೆದು, "ಯಾವ ತಗಡು ಬೇಕೋ ತಗೊಳ್ಳಿ, ಆಮೇಲೆ ವಾಪಸ್ ಇಡಿ" ಅಂದ. ನಿವೃತ್ತ ಹೆಡ್‌ಮಿಸ್ಸು ಮಡಚುವ ಕುರ್ಚಿ, ಎರಡು ದೊಡ್ಡ ಮುಚ್ಚಳ ಹಿಡಿದು ಬಂದರು. ಇನ್ಸ್‌ಪೆಕ್ಟರ್ ಬಂದು ಎಲ್ಲರನ್ನೂ ಒಮ್ಮೆ ನೋಡಿ, "ಗೋಡೆ ಹತ್ತಬಾರದು, ಯಾರ ತಾರಸಿಗೂ ಹೋಗಬಾರದು. ಓಣಿ ಸಾರ್ವಜನಿಕರದು, ಅದಕ್ಕೆ ನಾನೇನೂ ಹೇಳಲ್ಲ," ಅಂದು ಮೂಲೆಗೆ ಹೋಗಿ ನಿಂತರು. ಅವರೂ ಬ್ರೇಕಕ್ಕನ ಹತ್ತಿರವೇ ಕಾರು ಕಲಿತವರು.

ಗಡಿಯಾರದವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಜನ ಅವನಿಗೆ ದಾರಿ ಬಿಟ್ಟು ಸರಿದು ನಿಂತರು, ಅಷ್ಟೇ. ಬ್ರೇಕಕ್ಕನಿಗೆ ಅದು ಚುರ್ ಅಂತ ತಗುಲಿತು.

ರೆಫರಿಯ ಸೀಟಿ ಕೇಳಿಸಿತು. ಆಟ ಶುರು. ಟಿವಿಯಲ್ಲಿ ತೋರಿಸುವಂಥ ಆಟ ಅಲ್ಲ ಇದು. ಒಳಗಿರುವುದು ಆಟಗಾರರು, ಅಧಿಕಾರಿಗಳು, ಮೈದಾನದ ಮಾಲಿ. ಮಾಲಿಯ ಫೋನನ್ನೂ ಕಮಿಟಿಯವರು ಇಸಿದುಕೊಂಡಿದ್ದರು. ಗೋಡೆಯ ಈಚೆ ಇರುವವರಿಗೆ ಕಣ್ಣಿದ್ದೂ ಇಲ್ಲ. ಇರಲಿ, ಬಾಯಿ ಇದೆಯಲ್ಲ! ಬ್ರೇಕಕ್ಕ ಗುಜರಿಯವನ ತಳ್ಳುಗಾಡಿ ಹತ್ತಿ ಕೈ ಎತ್ತಿದಳು. ಓಣಿಯೇ ಎದ್ದು ನಿಂತಿತು. ಕ್ಯಾನು, ಮುಚ್ಚಳ, ತಗಡು, ಹೋ ಅನ್ನುವ ಗಂಟಲು. ಟೈಲರಿನ ಮನೆಯ ಕಿಟಕಿ ಗಾಜು ಗಡಗಡ ಅಂದವು. "ನಾವು ಇಲ್ಲೇ ಇದ್ದೀವಿ ಅಂತ ಗೊತ್ತಾಗಬೇಕು ಅವರಿಗೆ!" ಅಂತ ಅವಳು ಅರಚಿದ್ದು ಪಕ್ಕದವರಿಗೂ ಕೇಳಿಸಲಿಲ್ಲ.

ಒಂದೇ ಕಷ್ಟ. ತಮ್ಮ ಗಲಾಟೆಯಲ್ಲಿ ತಮಗೇ ಒಳಗಿನದೇನೂ ಕೇಳಿಸುತ್ತಿರಲಿಲ್ಲ. ಸೀಟಿ ಮಾತ್ರ ಗಲಾಟೆಯನ್ನು ಸೀಳಿಕೊಂಡು ಬರುತ್ತಿತ್ತು. ಅರ್ಧ ಮುಗಿಯಿತು. ಗೋಲಾದರೆ ಮಾಲಿ ಗೋಡೆಯ ಬದಿಗೆ ಬಂದು ಕೂಗಿ ಹೇಳುತ್ತೇನೆ ಅಂದಿದ್ದ, ಅವನ ದನಿ ಇಲ್ಲ. ಅಂದರೆ ಯಾರದೂ ಗೋಲಿಲ್ಲ. ಎರಡನೇ ಅರ್ಧಕ್ಕೆ ಸೀಟಿಯಾದಾಗ ಬ್ರೇಕಕ್ಕನ ಗಂಟಲು ಬಿರಿದಿತ್ತು. "ಇನ್ನು ನಮ್ಮವರು ಈ ಕಡೆ ಬರ್ತಾರೆ! ನಮ್ಮ ಕಡೆಗೇ ಬರ್ತಾರೆ! ಹೊಡೀರಿ!" ಅಂದಳು. ಹೊಡೆದರು. ತೋಳು ಸೋತವರು ಕಾಲಲ್ಲಿ ಒದ್ದರು.

ಹೊತ್ತು ಜಾರುತ್ತಾ ಹೋಯಿತು. ಆಟ ಇನ್ನೇನು ಮುಗಿಯುವ ಹಂತ, ಆಗ ಬಂತು ಒಂದು ಸೀಟಿ. ಉದ್ದದ ಸೀಟಿ, ಗಟ್ಟಿ ಸೀಟಿ. ಬ್ರೇಕಕ್ಕ ಅಂಗೈ ಕೆಳಗಿಳಿಸಿದಳು. ಅಷ್ಟು ಜನ, ಅಷ್ಟು ತಗಡು, ಒಂದೇ ಏಟಿಗೆ ನಿಂತಿತು. ಇನ್ಸ್‌ಪೆಕ್ಟರ್ ಕೂಡ ಉಸಿರು ಬಿಗಿಹಿಡಿದರು. ಒಳಗೆ ಜಗಳದ ಸದ್ದು. ಯಾರೋ "ಪೆನಾಲ್ಟಿ, ಪೆನಾಲ್ಟಿ" ಅನ್ನುತ್ತಿದ್ದರು, ಯಾರೋ "ಇಲ್ಲ, ಇಲ್ಲ" ಅನ್ನುತ್ತಿದ್ದರು. ಸದ್ದು ದೂರದಿಂದ ಬರುತ್ತಿತ್ತು. ಶಾಲೆ ಕಡೆಯಿಂದ.

ಪೆನಾಲ್ಟಿ. ಆದರೆ ಯಾರಿಗೆ?

ಎಲ್ಲರೂ ಅವಳನ್ನೇ ನೋಡಿದರು. ಕೂಗಬೇಕೋ, ಸುಮ್ಮನಿರಬೇಕೋ? ಬ್ರೇಕಕ್ಕನಿಗೆ ಯೋಚಿಸುವಂಥದ್ದೇನೂ ಕಾಣಲಿಲ್ಲ. ಎರಡನೇ ಅರ್ಧ. ನಮ್ಮವರು ನುಗ್ಗುವುದು ಈ ಕಡೆಯ ಗೋಲಿಗೆ. ಶಾಲೆ ಕಡೆ ನಿಂತಿರುವುದು ನಮ್ಮ ಕೀಪರ್. ಅಲ್ಲಿ ಪೆನಾಲ್ಟಿ ಅಂದರೆ ಅದು ನಮ್ಮ ಮೇಲೆ. ಅವರು ಒದ್ದರು, ಬಲೆಗೆ ಬಿತ್ತು, ಮುಗಿಯಿತು ಕಥೆ. ಅವಳಿಗೆ ಸಿಟ್ಟು ಉಕ್ಕಿ ಬಂತು.

"ಅವರದ್ದು!" ಅಂತ ಕಿರುಚಿದಳು. "ನಮ್ಮ ಮೇಲೆ ಕೊಟ್ಟಿದ್ದಾರೆ! ಒದೆಯೋನ ಕಾಲು ನಡುಗಬೇಕು, ಕೂಗ್ರೋ! ಗಂಟಲು ಹರಿದರೂ ಪರವಾಗಿಲ್ಲ, ಕೂಗ್ರಿ!"

ಅಂಥ ಸದ್ದು ಆ ಊರು ಹಿಂದೆ ಕೇಳಿರಲಿಲ್ಲ. ಗ್ಯಾಲರಿಯೊಳಗೆ ಕೂಡ ಕೇಳಿರಲಿಲ್ಲ. ಹೆಡ್‌ಮಿಸ್ಸು ಕುರ್ಚಿಯಿಂದೆದ್ದು ಮುಚ್ಚಳ ಬಡಿದು ಬಡಿದು ಒಂದರ ಹಿಡಿ ಕಿತ್ತುಬಂತು. ಇನ್ಸ್‌ಪೆಕ್ಟರ್ ಅತ್ತಿತ್ತ ನೋಡಿ ಲಾಠಿಯಿಂದ ಸೈಕಲ್ ಶಾಪಿನ ಷಟರಿಗೆ ನಾಲ್ಕು ಬಾರಿಸಿದರು. ಗಡಿಯಾರದವನು, ಜೀವಮಾನದಲ್ಲಿ ದನಿ ಎತ್ತದವನು, ಗೋಡೆಗೆ ಎರಡೂ ಕೈ ಒತ್ತಿ ಕುತ್ತಿಗೆಯ ನರ ಉಬ್ಬಿಸಿ ಹೋ ಅಂತ ಕೂಗುತ್ತಿದ್ದ, ಕಣ್ಣಲ್ಲಿ ನೀರು. ಬ್ರೇಕಕ್ಕ ಅದನ್ನು ನೋಡಿದಳು. ಸೋತರೂ ಸರಿ, ಇಂಥ ಜನ ನನ್ನವರು ಅಂತ ಅವಳಿಗೆ ಹೆಮ್ಮೆ ಉಕ್ಕಿತು.

ಆಮೇಲೆ ಒಳಗಿಂದ ಒಂದು ಸೀಟಿ, ಸ್ವಲ್ಪ ತಡೆದು ಇನ್ನೊಂದು. ಕೈ ಇಳಿಸಿದಳು. ದೂರದಲ್ಲಿ, ಶಾಲೆ ಕಡೆ, ಹುಡುಗರು ಕುಣಿಯುವ ಸದ್ದು, ಕೇಕೆ. ಗೋಲಾಗಿತ್ತು.

"ಅದು ನಮ್ಮ ಹುಡುಗರ ಗಂಟಲಲ್ವೇನೇ?" ಅಂದರು ಹೆಡ್‌ಮಿಸ್ಸು.

"ಆಸೆಗೆ ಹಾಗನ್ನಿಸುತ್ತೆ ಮಿಸ್," ಅಂದಳು ಬ್ರೇಕಕ್ಕ. ತಳ್ಳುಗಾಡಿಯಿಂದ ಇಳಿದು ಅದರ ಅಂಚಿಗೇ ಕುಸಿದು ಕೂತಳು. ಸ್ವಲ್ಪ ಹೊತ್ತಿಗೆ ಆಟ ಮುಗಿದ ಸೀಟಿಯೂ ಕೇಳಿಸಿತು. ಓಣಿಯಲ್ಲಿ ಯಾರೂ ಅಲುಗಲಿಲ್ಲ. ಗಂಡ ಹತ್ತಿರ ಬಂದು ನಿಂತ, ಮುಟ್ಟುವ ಧೈರ್ಯವಾಗಲಿಲ್ಲ. ಅವಳೇ ಅವನ ಕೈ ಹಿಡಿದುಕೊಂಡಳು. ಆಗಲಿ, ಮನೆಯ ಮರ್ಯಾದೆ ಹೋದರೆ ಹೋಯಿತು, ಈ ಮನುಷ್ಯನನ್ನು ಬೀದಿಯಲ್ಲಿ ಒಬ್ಬನೇ ನಿಲ್ಲಿಸಲಾರೆ ಅಂದುಕೊಂಡಳು.

ಗೋಡೆಯ ಸಣ್ಣ ಬಾಗಿಲು ಕಿರ್ರೆಂದಿತು. ಮಾಲಿ ತಲೆ ಹೊರಗೆ ಹಾಕಿದ. ಅವನ ಮುಖ ಅರಳಿತ್ತು, ಆದರೆ ಓಣಿಯನ್ನು ನೋಡಿ ಹಾಗೇ ನಿಂತುಬಿಟ್ಟ.

"ಏನ್ರೀ ಇದು? ಯಾರು ಹೋಗಿಬಿಟ್ಟರು? ಗೋಲಾದಾಗ ಗೋಡೆ ಹತ್ತಿರ ಓಡಿಬರೋಣ ಅಂದ್ರೆ ಕಮಿಟಿಯವರು ಹಿಡ್ಕೊಂಡ್ಬಿಟ್ರು. ಗೆದ್ವಿ ಕಣ್ರೀ! ಒಂದು ಗೋಲು! ಕ್ಯಾಪ್ಟನ್ ಪೆನಾಲ್ಟಿ ಹೊಡೆದ!"

ಒಂದು ಕ್ಷಣ ಯಾರಿಗೂ ತಲೆಗೆ ಹೋಗಲಿಲ್ಲ. ಹೋದ ಮೇಲೆ ಏನಾಯಿತೆಂದು ನಾನು ಹೇಳಬೇಕೇ? ಹಾಲಿನ ಕ್ಯಾನು ಗಾಳಿಯಲ್ಲಿ ಹಾರಿತು. ಗಡಿಯಾರದವನನ್ನು ಯಾರೋ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು, ಕನ್ನಡಕ ಎಲ್ಲೋ ಬಿತ್ತು. ಹೆಡ್‌ಮಿಸ್ಸು ಇನ್ಸ್‌ಪೆಕ್ಟರಿನ ಕೆನ್ನೆ ಹಿಂಡಿದರು.

ಬ್ರೇಕಕ್ಕ ಮಾತ್ರ ಮಾಲಿಯ ತೋಳು ಹಿಡಿದಳು. "ನಮ್ಮ ಪೆನಾಲ್ಟಿ ಆ ಕಡೆ ಹೇಗೆ ಬಂತು?"

"ಟಾಸ್ ಅವರು ಗೆದ್ದರಲ್ಲ ಅಕ್ಕ. ಗ್ಯಾಲರಿ ಖಾಲಿ ತಾನೇ, ಇವರ ಪದ್ಧತಿ ಮುರಿಯೋಣ ಅಂತ ಬೇಕಂತಲೇ ಕಡೆ ಬದಲಿಸಿದರು. ನಿಮಗೆ ಗೊತ್ತಿರಲಿಲ್ವಾ? ಗೊತ್ತಿಲ್ಲದೆ ಹಾಗೆ ಕೂಗಿದ್ರಾ?"

ಬ್ರೇಕಕ್ಕ ನಾಲಿಗೆ ಕಚ್ಚಿಕೊಂಡಳು. ಅಯ್ಯೋ ದೇವರೇ. ನಮ್ಮ ಹುಡುಗ ಚೆಂಡಿನ ಮುಂದೆ ನಿಂತಾಗ, ಅದೂ ಇಂಥ ಆಟದಲ್ಲಿ, ಅವನ ಕಾಲು ನಡುಗಲಿ ಅಂತ ತಾನೇ ಊರನ್ನೆಲ್ಲ ಎಬ್ಬಿಸಿ ಕೂಗಿಸಿದ್ದಳು. ಅವನ ಕಾಲಿನ ಪುಣ್ಯ, ಒಳಗೆ ಹೋಯಿತು. ಹೋಗದಿದ್ದರೆ? ಫ್ಲಾಸ್ಕು ಎಸೆದ ಗಂಡನಿಗಿಂತ ದೊಡ್ಡ ತಪ್ಪು ಅವಳದಾಗುತ್ತಿತ್ತು. ಸುತ್ತ ಜನ ಬೇರೆ "ಬ್ರೇಕಕ್ಕಂಗೆ ಗೊತ್ತಿತ್ತು! ಬೇಕಂತಲೇ ಕೂಗಿಸಿದ್ಲು!" ಅಂತ ಅವಳ ಬೆನ್ನು ತಟ್ಟುತ್ತಿದ್ದರು. ಹೊಗಳಿಕೆ ಸುಮ್ಮನೆ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಬಹುದಿತ್ತು. ಅವಳಿಂದ ಆಗಲಿಲ್ಲ.

"ನಂಗೇನೂ ಗೊತ್ತಿರಲಿಲ್ಲ!" ಅಂದಳು. "ಅವರದ್ದು ಅಂದ್ಕೊಂಡೇ ಕೂಗಿಸಿದೆ. ಸುಮ್ಮನೆ ನನ್ನ ಹೊಗಳಬೇಡಿ."

ಅಷ್ಟರಲ್ಲಿ ಅದೇ ಸಣ್ಣ ಬಾಗಿಲಿನಿಂದ ಕ್ಯಾಪ್ಟನ್ ಬಗ್ಗಿ ಹೊರಗೆ ಬಂದ. ಜರ್ಸಿ ಪೂರ್ತಿ ಕೆಸರು. ಮುಟ್ಟಲು ಬಂದವರನ್ನೆಲ್ಲ ಸರಿಸಿ ಸೀದಾ ಬ್ರೇಕಕ್ಕನ ಎದುರು ಬಂದು ನಿಂತ.

"ಅಕ್ಕ, ಅದು ನೀವೇ ತಾನೇ?"

"ತಪ್ಪಾಯ್ತು ಮರಿ," ಅಂದಳು. ದನಿ ಗೊಗ್ಗರಾಗಿತ್ತು. "ನೀನು ಒದೀತಿದ್ದೀಯ ಅಂತ ಗೊತ್ತಾಗಲಿಲ್ಲ. ಗೊತ್ತಾಗಿದ್ರೆ ಒಬ್ಬರೂ ಉಸಿರೆತ್ತದ ಹಾಗೆ ನೋಡ್ಕೋತಿದ್ದೆ."

"ಬೇಡ ಅಕ್ಕ," ಅಂದ ಅವನು. ಎಷ್ಟು ಬೇಗ ಅಂದನೆಂದರೆ ಎಲ್ಲರೂ ಅವನತ್ತ ತಿರುಗಿದರು. ಅವನು ನೆಲ ನೋಡಿದ. "ಆ ಮೂರು ಸಲ ಚೆಂಡಿಟ್ಟು ಹಿಂದಕ್ಕೆ ಬಂದಾಗ ನೀವೆಲ್ಲ ಸುಮ್ಮನಾಗ್ತಿದ್ರಲ್ಲ, ನನ್ನ ಎದೆ ಹೊಡ್ಕೊಳ್ಳೋದು ನಂಗೇ ಕೇಳಿಸ್ತಿತ್ತು. ಇಡೀ ಊರು ಎದ್ದು ಹೋಗಿ ನಾನೊಬ್ಬನೇ ಉಳ್ಕೊಂಡ ಹಾಗೆ. ಬೇರೆ ಊರಲ್ಲಿ ಹಾಗಾಗಲ್ಲ, ಅಲ್ಲಿ ಬೈಗುಳನಾದ್ರೂ ಇರುತ್ತೆ. ಇವತ್ತು ಖಾಲಿ ಮೈದಾನ, ಬೆನ್ನ ಹಿಂದಿಂದ ನಿಮ್ಮ ಕೂಗು ಬಂತು ನೋಡಿ, ನೀವೆಲ್ಲ ನನ್ನ ಬೆನ್ನಿಗೆ ಕೈ ಇಟ್ಟು ನಿಂತ ಹಾಗಾಯ್ತು. ಕಾಲು ತಾನಾಗೇ ಹೋಯ್ತು ಅಕ್ಕ."

ಬ್ರೇಕಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. ಪೇಪರಿನಲ್ಲಿ ಬಂದ ಮೌನ, ಬೇರೆ ಊರಿನವರು ನೋಡಲು ಬಂದ ಮೌನ, ಚಾಕೊಲೇಟ್ ಕಾಗದಕ್ಕೂ ಜಗಳವಾಡಿ ಕಾಪಾಡಿದ ಮೌನ!

"ಮತ್ತೆ ಮೊದಲೇ ಯಾಕೋ ಹೇಳಲಿಲ್ಲ, ಪೆದ್ದ?" ಅಂದಳು. ಸಿಟ್ಟು ಅನ್ನಿಸುವ ಹಾಗೆ ಹೇಳಲು ನೋಡಿದಳು, ಆಗಲಿಲ್ಲ.

"ಹೇಗೆ ಹೇಳಲಿ? ಅಷ್ಟು ಜನ ನನಗೋಸ್ಕರ ಉಸಿರು ಹಿಡಿದು ನಿಂತಿರ್ತಾರೆ. ಬೇಡ ಅನ್ನೋಕೆ ಬಾಯಿ ಬರುತ್ತಾ?"

ಬ್ರೇಕಕ್ಕ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ಆಮೇಲೆ ಮತ್ತೆ ತಳ್ಳುಗಾಡಿ ಹತ್ತಿದಳು. ಗಂಟಲಲ್ಲಿ ಹೆಚ್ಚೇನೂ ಉಳಿದಿರಲಿಲ್ಲ, ಉಳಿದದ್ದನ್ನೆಲ್ಲ ಒಟ್ಟು ಮಾಡಿ ಹೇಳಿದಳು.

"ಕೇಳಿದ್ರಾ ಎಲ್ಲರೂ? ಈ ಹುಡುಗ ಮೂರು ಸಲ ನಮ್ಮ ಮುಂದೆ ಒಬ್ಬನೇ ನಿಂತಿದ್ದ. ನಾವು ಬಾಯಿ ಮುಚ್ಕೊಂಡು ನಿಂತಿದ್ವಿ, ಅದು ನನ್ನಿಂದ. ಮೂರು ಕೂಗು ಇವನಿಗೆ ಬಾಕಿ ಇದೆ. ಇವತ್ತೇ ಕೊಟ್ಟು ಮನೆಗೆ ಹೋಗೋಣ."

ಕ್ಯಾಪ್ಟನ್ "ಬೇಡ ಅಕ್ಕ, ಬಿಡಿ ಅಕ್ಕ" ಅನ್ನುತ್ತಾ ಹಿಂದೆ ಸರಿದ. ಸರಿಯಲು ಜಾಗವಿರಲಿಲ್ಲ, ಬೆನ್ನಿಗೆ ಗೋಡೆ. ಬ್ರೇಕಕ್ಕ ಕೈ ಎತ್ತಿದಳು. ಮುಂದೆ ಚೆಂಡಿಲ್ಲ, ಗೋಲಿಲ್ಲ, ಎದುರಾಳಿಯಿಲ್ಲ. ಕೆಸರು ಮೆತ್ತಿದ ಒಬ್ಬ ಹುಡುಗ, ಅವನತ್ತ ತಿರುಗಿದ ಒಂದು ಇಡೀ ಊರು. ಮೊದಲ ಕೂಗು ಕಂಬಕ್ಕೆ ಬಡಿದದ್ದಕ್ಕೆ. ಎರಡನೆಯದು ಕೀಪರಿನ ಕೈಸೇರಿದ್ದಕ್ಕೆ. ಮೂರನೆಯದು ಆಕಾಶಕ್ಕೆ ಹೋದದ್ದಕ್ಕೆ, ಅದನ್ನು ಶುರು ಮಾಡಿದವನು ಕೆಮ್ಮಿದ್ದ ಹಾಲಿನಂಗಡಿಯವನೇ. ಹುಡುಗ ಜರ್ಸಿಯನ್ನು ಮುಖದ ಮೇಲಕ್ಕೆ ಎಳೆದುಕೊಂಡು ನಿಂತಿದ್ದ, ಹೆಗಲು ಕುಲುಕುತ್ತಿದ್ದವು. ಬ್ರೇಕಕ್ಕನ ಬಾಯಿ ತೆರೆದಿತ್ತು, ದನಿ ಒಂದು ಚೂರೂ ಬರುತ್ತಿರಲಿಲ್ಲ. ಆದರೂ ಅವಳು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು.